ಓಡುವ ಕರ್ನಲ್ಲನ್ನು ಓದಿದವರು

2024ರ ಜುಲೈ 19, ಶುಕ್ರವಾರ. ಬೆಂಗಳೂರೂ ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಕದಲಲಿಲ್ಲ. ಕೆಲವು ಕಡೆ ಬೋರ್ಡಿಂಗ್ ಪಾಸನ್ನು ಪೆನ್ನು ಹಿಡಿದು ಕೈಯಲ್ಲೇ ಬರೆದುಕೊಟ್ಟರು. ಆ ದಿನ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವೆಂದು ಮೈಕ್ರೋಸಾಫ್ಟ್ ಆಮೇಲೆ ಲೆಕ್ಕ ಕೊಟ್ಟಿತು. ಕಾರಣ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್. ಅದರ ತಂತ್ರಾಂಶ ವಿಂಡೋಸ್‌ನ ತಿರುಳಾದ ಕರ್ನಲ್‌ನ ಒಳಗೇ ಕೂತು ಕೆಲಸ ಮಾಡುತ್ತಿತ್ತು. ಅದರ ಕೈಯಲ್ಲಿದ್ದದ್ದು 20 ಮೌಲ್ಯಗಳು. ಹೊಸ ಅಪ್‌ಡೇಟ್ 21ನೆಯದನ್ನು ನೋಡು ಎಂದಿತು. ಅದು ಇಲ್ಲದ ಜಾಗಕ್ಕೆ ಹೋಗಿ ಓದಿತು. ಏನನ್ನೂ ಬರೆಯಲಿಲ್ಲ, ಏನನ್ನೂ ಅಳಿಸಲಿಲ್ಲ. ಬರೀ ಓದಿದ್ದಕ್ಕೇ ಯಂತ್ರ ಮಲಗಿತು.

ಓದುವುದರಿಂದ ಏನು ಅನಾಹುತ ಆದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ನಾವು ಬಳಸುವ ಸಾಮಾನ್ಯ ಪ್ರೋಗ್ರಾಂ ತನ್ನದಲ್ಲದ ವಿಳಾಸವನ್ನು ಓದಲು ಹೋದರೆ ಪ್ರೊಸೆಸರ್ ತಡೆಯುತ್ತದೆ, ಕರ್ನಲ್‌ಗೆ ದೂರು ಕೊಡುತ್ತದೆ. ಕರ್ನಲ್ ಆ ಪ್ರೋಗ್ರಾಂ ಒಂದನ್ನು ಕೊಂದು ಉಳಿದವುಗಳನ್ನು ಮುಂದುವರಿಸುತ್ತದೆ. ತಪ್ಪು ಮಾಡಿದ್ದು ಕರ್ನಲ್ಲೇ ಆದರೆ ದೂರು ಹೋಗುವುದೂ ಅದರ ಬಳಿಗೇ. ತನ್ನ ಲೆಕ್ಕಪತ್ರವೇ ಹದಗೆಟ್ಟಿದೆಯೇನೋ ಎಂಬ ಅನುಮಾನ ಬಂದ ಕರ್ನಲ್‌ಗೆ, ಮುಂದೆ ಹೋಗಿ ಡಿಸ್ಕಿನ ಮೇಲೆ ಕಸ ಬರೆಯುವುದಕ್ಕಿಂತ ಅಲ್ಲೇ ನಿಲ್ಲುವುದು ಮೇಲು. ಹಾಗಾಗಿ ನಿಲ್ಲುತ್ತದೆ.

ಕರ್ನಲ್‌ನ ಮೆಮೊರಿಯನ್ನು ಕೆಡಿಸದೆ, ನಿಲ್ಲಿಸದೆ, ಮೋಸಹೋಗದೆ ಓದುವುದು ಹೇಗೆ ಎಂಬ ಪ್ರಶ್ನೆಗೆ ಯುನಿಕ್ಸ್‌ನಷ್ಟೇ ವಯಸ್ಸು. ಲಿನಕ್ಸ್‌ನಲ್ಲಿ ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು ದೊಡ್ಡ ಪಾಲು 2001ರಿಂದ 2005ರ ನಡುವೆ ಬೆಂಗಳೂರಿನಲ್ಲಿ ಬರೆದದ್ದು. ಆ ವರ್ಷಗಳ ಬೆಂಗಳೂರಿನ ಬಗ್ಗೆ ನಮ್ಮ ಪತ್ರಿಕೆಗಳು ಬರೆದದ್ದೆಲ್ಲ ಕಾಲ್ ಸೆಂಟರ್, ಸೈಟಿನ ಬೆಲೆ, ಅಮೆರಿಕದ ವೀಸಾ. ಕರ್ನಲ್ ಕಥೆಗೆ ಅಂಥ ಬಣ್ಣ ಇರಲಿಲ್ಲ, ಬಿಟ್ಟುಹೋಯಿತು.

ಹಳೆಯ ಯುನಿಕ್ಸ್‌ನಲ್ಲಿ ಈ ಕೆಲಸ ಒರಟಾಗಿ ನಡೆಯುತ್ತಿತ್ತು. ಯಾವ ಯಾವ ಪ್ರೋಗ್ರಾಂಗಳು ಓಡುತ್ತಿವೆ ಎಂದು ತೋರಿಸುವ ಪಿಎಸ್ ಆಜ್ಞೆ ಕೆಮೆಮ್ ಎಂಬ ಸಾಧನ ಕಡತವನ್ನು ತೆರೆದು, ಕರ್ನಲ್‌ನ ಮೆಮೊರಿಗೆ ನೇರವಾಗಿ ಇಣುಕುತ್ತಿತ್ತು. ಯಾವ ವಿಳಾಸದಲ್ಲಿ ಯಾವ ಕೋಷ್ಟಕ ಇದೆ ಎಂಬುದನ್ನು ಕರ್ನಲ್‌ನ ಬೈನರಿ ಕಡತದಿಂದ ಹೆಕ್ಕಿಕೊಳ್ಳುತ್ತಿತ್ತು. ಕರ್ನಲ್ ಬದಲಾಗಿ ಪಿಎಸ್ ಹಳೆಯದೇ ಉಳಿದರೆ ತೆರೆಯ ಮೇಲೆ ಬರುತ್ತಿದ್ದದ್ದು ಕಸ. ಎರಡೂ ಸರಿಯಿದ್ದರೂ, ಓದುತ್ತಿರುವಾಗಲೇ ಕೋಷ್ಟಕ ಬದಲಾಗಿ ಅರ್ಧ ಹಳೆಯದು ಅರ್ಧ ಹೊಸದು ಸಿಗಬಹುದಿತ್ತು. 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್, ಓಡುತ್ತಿರುವ ಪ್ರೋಗ್ರಾಂಗಳನ್ನೇ ಕಡತಗಳ ರೂಪದಲ್ಲಿ ತೋರಿಸುವ ಪ್ರೋಕ್ ವ್ಯವಸ್ಥೆಯನ್ನು ಮುಂದಿಟ್ಟರು. ಹೊರಗಿನವರು ಒಳಗೆ ಕೈ ಹಾಕುವ ಬದಲು, ಕೇಳಿದ್ದನ್ನು ಕರ್ನಲ್ಲೇ ಬರೆದು ಹೊರಗೆ ನೀಡುವ ಈ ಪದ್ಧತಿಯನ್ನು ಲಿನಕ್ಸ್ ಮನಸಾರೆ ಒಪ್ಪಿಕೊಂಡಿತು.

ಆದರೆ ಕರ್ನಲ್ ಏನನ್ನು ಕೊಡಬೇಕೆಂದು ಮೊದಲೇ ಯೋಚಿಸಿ ಇಟ್ಟಿದೆಯೋ ಅಷ್ಟು ಮಾತ್ರ ಪ್ರೋಕ್‌ನಲ್ಲಿ ಸಿಗುತ್ತದೆ. ನಡುರಾತ್ರಿ ಬ್ಯಾಂಕಿನ ಸರ್ವರ್ ಕಾರಣವಿಲ್ಲದೆ ನಿಧಾನವಾದಾಗ ಬೇಕಾದದ್ದು, ಯಾರೂ ಮೊದಲೇ ಯೋಚಿಸಿರದ ಯಾವುದೋ ಒಂದು ಮೌಲ್ಯ.

ಇನ್ನೊಂದು ದಿಕ್ಕಿನಿಂದಲೂ ಈ ಸಮಸ್ಯೆ ಕರ್ನಲ್‌ಗೆ ಎದುರಾಗಿತ್ತು. ಪ್ರೋಗ್ರಾಂಗಳು ಕರ್ನಲ್‌ಗೆ ವಿಳಾಸ ಕೊಟ್ಟು ಇಲ್ಲಿಂದ ಓದಿಕೋ ಎನ್ನುತ್ತವೆ. ಆ ವಿಳಾಸ ಸುಳ್ಳಿರಬಹುದು. ಹಳೆಯ ಲಿನಕ್ಸ್ ಪ್ರತಿ ಸಲವೂ ಮೊದಲು ವಿಳಾಸವನ್ನು ಪರೀಕ್ಷಿಸಿ ಆಮೇಲೆ ಓದುತ್ತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಪಾಲು ವಿಳಾಸ ಸರಿಯೇ ಇರುವಾಗ ಇದು ದಂಡದ ಖರ್ಚು. ಲಿನಕ್ಸ್‌ನ 2.1 ಸರಣಿಯಲ್ಲಿ ಅದರ ಜನಕ ಲಿನಸ್ ಟೊರ್ವಾಲ್ಡ್ಸ್ ಈ ಪರೀಕ್ಷೆಯನ್ನು ಪ್ರೊಸೆಸರ್‌ನ ತಲೆಗೇ ಕಟ್ಟಿದರು. ಸುಮ್ಮನೆ ಓದು, ಎಡವಿದರೆ ಮಾತ್ರ ನೋಡೋಣ. ಅದಕ್ಕಾಗಿ ಕರ್ನಲ್‌ನಲ್ಲಿ ಒಂದು ಕೋಷ್ಟಕ ಸೇರಿತು. ಎಡವಬಹುದಾದ ಸೂಚನೆಯ ವಿಳಾಸ ಒಂದು ಅಂಕಣದಲ್ಲಿ, ಎಡವಿದರೆ ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಇನ್ನೊಂದರಲ್ಲಿ. ದೋಷ ಬಂದ ಕೂಡಲೇ ಕರ್ನಲ್ ಈ ಕೋಷ್ಟಕ ನೋಡುತ್ತದೆ. ಅಲ್ಲಿ ಹೆಸರಿದ್ದರೆ ಓದಲಾಗಲಿಲ್ಲ ಎಂಬ ಉತ್ತರದೊಂದಿಗೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಲಿನಕ್ಸ್ ಬಳಗ ‘ಊಪ್ಸ್’ ಎಂದು ಕರೆಯುವ ಅಪಘಾತ ವರದಿ ತೆರೆಗೆ ಬರುತ್ತದೆ. ಮುಂದೆ ಬಂದ ಸುರಕ್ಷಿತ ಓದಿನ ಉಪಾಯಗಳಲ್ಲಿ ಹೆಚ್ಚಿನವು ಈ ಎರಡು ಅಂಕಣಗಳ ಮೇಲೆಯೇ ನಿಂತಿವೆ.

2000ದ ಕೊನೆಯಲ್ಲಿ ಐಬಿಎಂ ಮುಂದಿನ ವರ್ಷ ಲಿನಕ್ಸ್‌ಗಾಗಿ 100 ಕೋಟಿ ಡಾಲರ್ ಹೂಡುತ್ತೇನೆ ಎಂದು ಸಾರಿತು. ಅದರ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಒಂದು ತಂಡ ಬೆಂಗಳೂರಿನ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿತ್ತು. ಕಂಪನಿಯ ಹಳೆಯ ಓಎಸ್/2ರಲ್ಲಿ ಓಡುತ್ತಿರುವ ವ್ಯವಸ್ಥೆಯೊಳಗೆ ಬೇಕೆಂದಲ್ಲಿ ಇಣುಕುವ ಸೌಕರ್ಯ ಇತ್ತು. ಇಂಗ್ಲೆಂಡಿನ ರಿಚರ್ಡ್ ಮೂರ್ ಮತ್ತು ಅವರ ಜೊತೆಯವರು ಅದನ್ನು ಡಿಪ್ರೋಬ್ಸ್ ಎಂಬ ಹೆಸರಿನಲ್ಲಿ ಲಿನಕ್ಸ್‌ಗೆ ತಂದರು. ಬೆಂಗಳೂರಿನ ಸುಪರ್ಣಾ ಭಟ್ಟಾಚಾರ್ಯ ಆ ಕೆಲಸದಲ್ಲಿ ಮೊದಲಿನಿಂದಲೂ ಇದ್ದವರು. ಡಿಪ್ರೋಬ್ಸ್ ದೊಡ್ಡ ಸಂಸಾರ. ಕರ್ನಲ್‌ನ ಒಳಗೆ ತನ್ನದೇ ಒಂದು ಪುಟ್ಟ ಭಾಷೆ, ಆ ಭಾಷೆಯನ್ನು ಓಡಿಸುವ ಯಂತ್ರ, ಇನ್ನೂ ಏನೇನೋ. ಕರ್ನಲ್‌ಗೆ ಡಿಬಗ್ಗರ್ ಸೇರಿಸುವುದೆಂದರೇ ಟೊರ್ವಾಲ್ಡ್ಸ್‌ಗೆ ಆಗುತ್ತಿರಲಿಲ್ಲ. ಕೋಡನ್ನು ಓದಿ ಅರ್ಥಮಾಡಿಕೊಳ್ಳುವವರು ಬೇಕು, ಹೆಜ್ಜೆಹೆಜ್ಜೆಗೆ ನಿಲ್ಲಿಸಿ ನೋಡುವವರಲ್ಲ ಎಂಬುದು ಅವರ ವಾದ. ಡಿಪ್ರೋಬ್ಸ್ ಹೊರಗೇ ಉಳಿಯಿತು.

ಈ ಗೋಡೆಗೆ ತಲೆ ಚಚ್ಚಿಕೊಳ್ಳುವ ಬದಲು ಬೆಂಗಳೂರಿನವರು ಸಂಸಾರವನ್ನು ಚಿಕ್ಕದು ಮಾಡಿಕೊಂಡರು. ಭಾಷೆ ಬೇಡ, ಯಂತ್ರ ಬೇಡ; ಕರ್ನಲ್‌ನ ಯಾವುದೇ ಸೂಚನೆಯ ಮೇಲೆ ಕಣ್ಣಿಡುವ ಒಂದೇ ಒಂದು ಕೊಕ್ಕೆ ಸಾಕು, ಉಳಿದದ್ದು ಹೊರಗಿರಲಿ. 2002ರ ಅಕ್ಟೋಬರ್‌ನಲ್ಲಿ ವಂಶಿ ಕೃಷ್ಣ ಇದರ ಮೊದಲ ರೂಪ ಬರೆದರು. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಕೊಟ್ಟ ಸಲಹೆಗಳೂ ಅದರಲ್ಲಿ ಸೇರಿದ್ದವು. ಹೆಸರು ಕೆಪ್ರೋಬ್ಸ್. ಅದು ಎರಡು ವರ್ಷ ಪ್ಯಾಚ್ ಆಗಿಯೇ ಅಲೆಯಿತು. 2004ರಲ್ಲಿ ಪ್ರಸನ್ನ ಪಂಚಮುಖಿ ಅದನ್ನು ಕೈಗೆತ್ತಿಕೊಂಡು, ಆಂಡಿ ಕ್ಲೀನ್ ಅವರ ಸೂಚನೆಗಳಂತೆ ತಿದ್ದಿದರು. ಸುಪರ್ಣಾ ಫಂಕ್ಷನ್‌ಗಳಿಗೆ ಬರುವ ಮೌಲ್ಯಗಳನ್ನು ನೋಡುವ ದಾರಿ ಸೇರಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 2.6.9ರಲ್ಲಿ ಕೆಪ್ರೋಬ್ಸ್ ಒಳಗೆ ಬಂತು. ಪವರ್ ಪ್ರೊಸೆಸರ್‌ಗಳಿಗೆ ಅದನ್ನು ಒಗ್ಗಿಸಿದ ಅನಂತ್ ಮಾವಿನಕಾಯನಹಳ್ಳಿ ಅವರ ಹೆಸರು ಮುಂದೆ ಕರ್ನಲ್‌ನ ಮೇಲ್ವಿಚಾರಕರ ಪಟ್ಟಿಯಲ್ಲಿ ಬಹುಕಾಲ ಇತ್ತು. ಹೆಲ್ಸಿಂಕಿಯಲ್ಲಿ ಹುಟ್ಟಿದ ಕರ್ನಲ್‌ನ ಪಟ್ಟಿಯಲ್ಲಿ ಆ ಹೆಸರು ಕಂಡ ಕನ್ನಡಿಗನ ಕಣ್ಣು ಅಲ್ಲೊಮ್ಮೆ ನಿಂತರೆ ತಪ್ಪೇನಿಲ್ಲ.

ಅದು ಮಾಡುವ ಕೆಲಸ ಹೇಳಲು ಸುಲಭ, ಮಾಡಲು ಎದೆ ಬೇಕು. ನೋಡಬೇಕಾದ ಸೂಚನೆಯ ಮೊದಲ ಬೈಟನ್ನು ಎತ್ತಿಟ್ಟು, ಇಂಟೆಲ್ ಪ್ರೊಸೆಸರ್ ಆದರೆ ಆ ಜಾಗದಲ್ಲಿ ನಿಲುಗಡೆಯ ಬೈಟನ್ನು ಬರೆಯುವುದು. ಓಡುತ್ತಾ ಅಲ್ಲಿಗೆ ಬಂದ ಪ್ರೊಸೆಸರ್ ಅರೆಗಳಿಗೆ ನಿಲ್ಲುತ್ತದೆ. ನಮ್ಮ ಪುಟ್ಟ ಫಂಕ್ಷನ್ ಓಡಿ ರಿಜಿಸ್ಟರ್‌ಗಳನ್ನು, ಮೆಮೊರಿಯನ್ನು ನೋಡಿಕೊಳ್ಳುತ್ತದೆ. ಎತ್ತಿಟ್ಟಿದ್ದ ಮೂಲ ಸೂಚನೆಯನ್ನು ಬೇರೆ ಕಡೆ ಒಂಟಿಯಾಗಿ ಓಡಿಸಿ, ಬಿಟ್ಟ ಜಾಗದಿಂದ ಮತ್ತೆ ಓಟ. ಸರ್ವರ್ ನಿಲ್ಲಿಸಬೇಕಿಲ್ಲ, ಕರ್ನಲ್ ಮತ್ತೆ ಕಂಪೈಲ್ ಮಾಡಬೇಕಿಲ್ಲ.

ಅಪಾಯಗಳು ಆಮೇಲೆ ಒಂದೊಂದಾಗಿ ತಲೆ ಎತ್ತಿದವು. ನಿಲುಗಡೆಯನ್ನು ಸಂಭಾಳಿಸುವ ಕೋಡಿನ ಮೇಲೆಯೇ ಯಾರಾದರೂ ಕಣ್ಣಿಟ್ಟರೆ? ನಿಲುಗಡೆಯ ಒಳಗೊಂದು ನಿಲುಗಡೆ, ಅದರೊಳಗೆ ಮತ್ತೊಂದು, ಕೊನೆಗೆ ಕುಸಿತ. ಆದ್ದರಿಂದ ಕೆಪ್ರೋಬ್ಸ್‌ನ ಸ್ವಂತ ಫಂಕ್ಷನ್‌ಗಳನ್ನು ಬೇರೆ ವಿಭಾಗಕ್ಕೆ ಹಾಕಿ, ಅಲ್ಲಿ ಕೊಕ್ಕೆ ಹಾಕಲು ಬಂದವರನ್ನು ವಾಪಸು ಕಳಿಸುವ ವ್ಯವಸ್ಥೆಯಾಯಿತು. ಇಣುಕುವ ಫಂಕ್ಷನ್ ನಿದ್ದೆ ಹೋಗುವಂತಿಲ್ಲ, ಯಾರಿಗೂ ಕಾಯುವಂತಿಲ್ಲ. ಅದು ಒಂದು ಪಾಯಿಂಟರ್, ಅಂದರೆ ವಿಳಾಸ, ಹಿಡಿದು ಓದಲು ಹೋದಾಗ ಆ ಪಾಯಿಂಟರ್ ಕೆಟ್ಟಿದ್ದರೆ, ಹಿಂದೆ ಹೇಳಿದ ಎರಡು ಅಂಕಣದ ಕೋಷ್ಟಕವೇ ಗತಿ. 2006ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಅನಂತ್, ಪ್ರಸನ್ನ, ಜಿಮ್ ಕೆನಿಸ್ಟನ್, ಇಂಟೆಲ್‌ನ ಅನಿಲ್ ಕೇಶವಮೂರ್ತಿ, ಹಿಟಾಚಿಯ ಮಸಾಮಿ ಹಿರಮತ್ಸು ಸೇರಿ ಕೆಪ್ರೋಬ್ಸ್‌ನ ಕರುಳು ಬಿಚ್ಚಿ ತೋರಿಸುವ ಪ್ರಬಂಧ ಮಂಡಿಸಿದರು. ಐದು ಜನ, ಮೂರು ಕಂಪನಿ.

ಸನ್ ಕಂಪನಿಯವರು ಇದೇ ಹೊತ್ತಿಗೆ ಇನ್ನೂ ಮುಂದೆ ಹೋಗಿದ್ದರು ಎಂಬುದನ್ನು ಮುಚ್ಚಿಡಬೇಕಿಲ್ಲ. ಬ್ರಯನ್ ಕ್ಯಾಂಟ್ರಿಲ್, ಮೈಕ್ ಶಪೀರೊ, ಆಡಂ ಲೆವೆಂಥಾಲ್ 2004ರಲ್ಲಿ ವಿವರಿಸಿದ ಡಿಟ್ರೇಸ್‌ನಲ್ಲಿ ಸುರಕ್ಷತೆ ಮೊದಲ ದಿನದಿಂದ ಹೆಣೆದುಕೊಂಡಿತ್ತು. ಓದುವ ಮೊದಲು ಆ ಪ್ರೊಸೆಸರ್‌ಗೆ ಒಂದು ಗುರುತು ಹಾಕುವುದು, ದೋಷ ಬಂದರೆ ಗುರುತು ನೋಡಿ ಓದನ್ನಷ್ಟೇ ಕೈಬಿಡುವುದು. ನನಗೆ ಹೆಚ್ಚು ಹಿಡಿಸಿದ್ದು ಅವರು ‘ವಿಷದ ವಲಯ’ಗಳೆಂದು ಕರೆದ ವಿಳಾಸಗಳ ಪಟ್ಟಿ. ಕೆಲವು ವಿಳಾಸಗಳ ಹಿಂದೆ ಮೆಮೊರಿ ಇರುವುದಿಲ್ಲ, ಯಾವುದೋ ಸಾಧನದ ರಿಜಿಸ್ಟರ್ ಇರುತ್ತದೆ. ಅದನ್ನು ಓದಿದ ಮಾತ್ರಕ್ಕೆ ಸಾಧನದ ಸ್ಥಿತಿ ಬದಲಾಗಬಹುದು. ಅಲ್ಲಿ ದೋಷವೇ ಹುಟ್ಟುವುದಿಲ್ಲ, ಹಾಗಾಗಿ ಎಡವಿದ ಮೇಲೆ ಹಿಡಿಯುವ ಯಾವ ಉಪಾಯವೂ ನಾಟುವುದಿಲ್ಲ. ಅತ್ತ ಹೋಗದಿರುವುದೊಂದೇ ದಾರಿ. ಲಿನಕ್ಸ್‌ನಲ್ಲಿ ಡಿಟ್ರೇಸ್‌ಗೆ ಜವಾಬಾಗಿ ಕೆಪ್ರೋಬ್ಸ್‌ನ ಮೇಲೆ ಸಿಸ್ಟಂಟ್ಯಾಪ್ ಕಟ್ಟುವ ಕೆಲಸ 2005ರಲ್ಲಿ ಶುರುವಾಯಿತು. ರೆಡ್ ಹ್ಯಾಟ್, ಐಬಿಎಂ, ಇಂಟೆಲ್, ಹಿಟಾಚಿ ಕೈಜೋಡಿಸಿದ್ದವು. ಡಿಪ್ರೋಬ್ಸ್ ಒಳಗೆ ತರಬೇಕೆಂದಿದ್ದ ಭಾಷೆ ಇಲ್ಲಿ ಹೊರಗೆ ಕೂತಿತು.

ಬೆಂಗಳೂರಿನ ಅದೇ ತಂಡದ ಬೇರೆ ಮೇಜುಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಕೆಲಸ ನಡೆದಿತ್ತು. ಇಲ್ಲಿ ವಿಳಾಸ ಸರಿಯೇ, ಓದುವವನು ಕರ್ನಲ್ಲೇ. ತೊಂದರೆ ಎಂದರೆ ಅವನು ಓದುತ್ತಿರುವಾಗ ಇನ್ನೊಂದು ಪ್ರೊಸೆಸರ್ ಅದನ್ನೇ ಬದಲಿಸುತ್ತಿರಬಹುದು. ಬೀಗ ಹಾಕಿ ಓದಬಹುದು, ಆದರೆ ಹದಿನಾರು ಪ್ರೊಸೆಸರ್‌ಗಳು ಒಂದೇ ಬೀಗದ ಮುಂದೆ ಸಾಲುಗಟ್ಟಿದರೆ ಯಂತ್ರಕ್ಕೆ ಸುರಿದ ದುಡ್ಡು ದಂಡ. ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮತ್ತು ಜ್ಯಾಕ್ ಸ್ಲಿಂಗ್‌ವೈನ್ 1990ರ ದಶಕದಲ್ಲೇ ಬೀಗವಿಲ್ಲದ ಓದಿಗೆ ಒಂದು ಉಪಾಯ ಕಂಡುಕೊಂಡಿದ್ದರು. 1999ರಲ್ಲಿ ಐಬಿಎಂ ಸೀಕ್ವೆಂಟನ್ನು ಕೊಂಡಾಗ ಮೆಕೆನ್ನಿಯೂ ಉಪಾಯವೂ ಜೊತೆಗೆ ಬಂದವು. ಲಿನಕ್ಸ್‌ಗೆ ಇದನ್ನು ತರಲು ಹಲವರು ಬೇರೆ ಬೇರೆ ರೂಪಗಳನ್ನು ಬರೆದರು. 2002ರ ಅಕ್ಟೋಬರ್‌ನಲ್ಲಿ 2.5.43ರೊಂದಿಗೆ ಒಳಗೆ ಹೋದದ್ದು ಬೆಂಗಳೂರಿನ ದೀಪಂಕರ್ ಶರ್ಮಾ ಅವರ ರೂಪ. ಅದಕ್ಕೆ ಆರ್‌ಸಿಯು ಎನ್ನುತ್ತಾರೆ.

ಆಂಧ್ರದ ಆದವಾನಿ ಕಡೆಯವರಿಗೆ ಇದನ್ನು ಹೇಳಲು ಉರುಕುಂದದ ಶ್ರಾವಣ ಸಾಕು. ಈರಣ್ಣ ಸ್ವಾಮಿಯ ದರ್ಶನಕ್ಕೆ ಕರ್ನಾಟಕದಿಂದಲೂ ಜನ ಹರಿದುಬರುವ ಆ ತಿಂಗಳಲ್ಲಿ ಸಾಲಿನ ದಾರಿ ಬದಲಿಸಬೇಕಾಯಿತೆನ್ನಿ. ಎಲ್ಲರನ್ನೂ ನಿಲ್ಲಿಸಿ ಬದಲಿಸಲಾಗದು. ಮೊದಲು ಹೊಸ ದಾರಿಯನ್ನು ಪೂರ್ತಿ ಕಟ್ಟಿ ಮುಗಿಸಬೇಕು, ಆಮೇಲೆ ಬಾಯಿಯಲ್ಲಿರುವ ಬಾಣದ ಹಲಗೆಯನ್ನು ತಿರುಗಿಸಬೇಕು. ಹಲಗೆ ತಿರುಗಿದ ಮೇಲೆ ಬಂದವರು ಹೊಸ ದಾರಿ ಹಿಡಿಯುತ್ತಾರೆ. ಮೊದಲೇ ಒಳಗೆ ಹೋದವರು ಹಳೆಯ ದಾರಿಯಲ್ಲೇ ನಡೆದು ದರ್ಶನ ಮುಗಿಸುತ್ತಾರೆ. ಅವರಲ್ಲಿ ಕೊನೆಯವನು ಹೊರಬರುವವರೆಗೆ ಹಳೆಯ ಬೊಂಬು ಬಿಚ್ಚಬಾರದು. ಆರ್‌ಸಿಯು ಮಾಡುವುದೂ ಇದನ್ನೇ. ಹೊಸ ಪ್ರತಿ ಸಿದ್ಧಮಾಡಿ, ಪಾಯಿಂಟರ್ ಒಂದನ್ನು ತಿರುಗಿಸಿ, ಹಳೆಯದನ್ನು ಹಿಡಿದ ಕೊನೆಯ ಓದುಗ ಹೋಗುವವರೆಗೆ ಕಾದು, ಆಮೇಲೆ ಹಳೆಯ ಮೆಮೊರಿಯನ್ನು ಬಿಡುಗಡೆ ಮಾಡುತ್ತದೆ. ಕೆಲವು ಬಗೆಯ ಕರ್ನಲ್‌ಗಳಲ್ಲಿ ಓದು ಶುರು ಎಂದು ಹೇಳುವ ಆಜ್ಞೆ ಕಂಪೈಲ್ ಆದಮೇಲೆ ಒಂದು ಸೂಚನೆಯೂ ಆಗಿ ಉಳಿಯುವುದಿಲ್ಲ. ಓದುವವನಿಗೆ ಖರ್ಚೇ ಇಲ್ಲ. ಕಾಯುವ ಹೊಣೆ ಬದಲಿಸುವವನದು.

ಕಡತದ ಹಾದಿಯನ್ನು ಹುಡುಕುವಾಗ ಪ್ರತಿ ಹಂತದಲ್ಲೂ ಹಿಡಿಯಬೇಕಿದ್ದ ಬೀಗವನ್ನು ಹೀಗೆ ತಪ್ಪಿಸಿದ ಕೆಲಸದಲ್ಲಿ ಮನೀಶ್ ಸೋನಿ ಜೊತೆಗಿದ್ದರು. 2004ರ ಜನವರಿಯಲ್ಲಿ ಲಿನಕ್ಸ್ ಜರ್ನಲ್ ಪತ್ರಿಕೆಯಲ್ಲಿ ಮೆಕೆನ್ನಿ, ಶರ್ಮಾ, ಸೋನಿ ಮೂವರೂ ಅದರ ಬಗ್ಗೆ ಬರೆದರು. ಅಷ್ಟರಲ್ಲಿ ಆರ್‌ಸಿಯು ಕೋರ್ಟಿನ ಮೆಟ್ಟಿಲನ್ನೂ ಹತ್ತಿಯಾಗಿತ್ತು. 2003ರ ಮಾರ್ಚ್‌ನಲ್ಲಿ ಎಸ್‌ಸಿಓ ಕಂಪನಿ ಐಬಿಎಂ ಮೇಲೆ ದಾವೆ ಹೂಡಿ, ಯುನಿಕ್ಸ್‌ಗೆ ಸೇರಿದ್ದನ್ನು ಲಿನಕ್ಸ್‌ಗೆ ದಾಟಿಸಿದ್ದೀರಿ ಎಂದಿತು. ಅದು ಬೆರಳಿಟ್ಟು ತೋರಿಸಿದ್ದರಲ್ಲಿ ಆರ್‌ಸಿಯು ಒಂದು. ಆ ಜಗಳದ ಬಾಲ 2021ರವರೆಗೆ ಎಳೆಯಿತು. ಕೋಡ್ ಎಲ್ಲಿಗೂ ಹೋಗಲಿಲ್ಲ.

ಇನ್ನು, ಕುಸಿದುಬಿದ್ದ ಕರ್ನಲ್ಲನ್ನು ಓದುವ ಬಗೆ. ಸತ್ತ ಕಾರಣ ತಿಳಿಯಲು ಅದರ ಮೆಮೊರಿಯನ್ನು ಇದ್ದ ಹಾಗೆ ಡಿಸ್ಕಿಗೆ ಇಳಿಸಬೇಕು. ಇಳಿಸುವವರು ಯಾರು? ಎಸ್‌ಜಿಐ ಶುರುಮಾಡಿದ ಎಲ್‌ಕೆಸಿಡಿಯಂಥ ಹಳೆಯ ಉಪಾಯಗಳಲ್ಲಿ ಸಾಯುತ್ತಿರುವ ಕರ್ನಲ್ಲೇ ತನ್ನ ಮರಣೋತ್ತರ ವರದಿ ಬರೆಯಬೇಕಿತ್ತು. ಡಿಸ್ಕ್ ನೋಡಿಕೊಳ್ಳುವ ಕೋಡೇ ಹಾಳಾಗಿದ್ದರೆ ಅದು ವರದಿಯನ್ನು ಗ್ರಾಹಕರ ಖಾತೆಗಳ ಮೇಲೆಯೇ ಬರೆದುಬಿಡಬಹುದು. ಎಲ್‌ಕೆಸಿಡಿಯನ್ನು ಟೊರ್ವಾಲ್ಡ್ಸ್ ಒಳಗೆ ಸೇರಿಸಲಿಲ್ಲ. ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ.

ಬೇರೊಂದು ದಾರಿ ತೋರಿಸಿದವರು ಎರಿಕ್ ಬೀಡರ್‌ಮನ್, ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ. ಬೀಡರ್‌ಮನ್ ಬರೆದಿದ್ದ ಕೆಕ್ಸೆಕ್, ಬಯಾಸ್‌ಗೆ ಹೋಗದೆ ಒಂದು ಕರ್ನಲ್‌ನಿಂದ ಇನ್ನೊಂದಕ್ಕೆ ನೆಗೆಯುವ ಸೌಕರ್ಯ. ಅದರ ಮೇಲೆ ಐಬಿಎಂ ತಂಡ ಕೆಡಂಪ್ ಕಟ್ಟಿತು. ಯಂತ್ರ ಶುರುವಾಗುವಾಗಲೇ ಮೆಮೊರಿಯ ಒಂದು ತುಂಡನ್ನು, ಆಗಿನ ಕೈಪಿಡಿಯ ಉದಾಹರಣೆಯಲ್ಲಿ 64 ಎಂಬಿ, ಮೀಸಲಿಟ್ಟು ಅಲ್ಲಿ ಎರಡನೆಯ ಕರ್ನಲ್ಲನ್ನು ತುಂಬಿಡುವುದು. ಮೊದಲನೆಯದು ಕುಸಿದಾಗ ಎರಡನೆಯದು ಎದ್ದು, ತನ್ನ ತುಂಡಿನೊಳಗೇ ಕೂತು, ಹೊರಗೆ ಚಾಚಿಕೊಂಡಿರುವ ಹಳೆಯ ಮೆಮೊರಿಯನ್ನೆಲ್ಲ ಒಂದು ಕಡತದಂತೆ ಓದುತ್ತದೆ. ಅಂದಿನ 32 ಬಿಟ್ ಇಂಟೆಲ್ ಯಂತ್ರಗಳಲ್ಲಿ ಒಂದು ಪೇಚಿತ್ತು. ಮೊದಲ 640 ಕೆಬಿ ಇಲ್ಲದೆ ಯಾವ ಕರ್ನಲ್ಲೂ ಏಳಲಾರದು. ಹಾಗಾಗಿ ಎರಡನೆಯದು ಏಳುವ ಮೊದಲು ಅಷ್ಟನ್ನು ಮೀಸಲು ಜಾಗಕ್ಕೆ ನಕಲು ಮಾಡಿ, ಓದುವಾಗ ಆ ನಕಲನ್ನೇ ಮೂಲವೆಂದು ತೋರಿಸುವ ಏರ್ಪಾಡು ಮಾಡಿದರು. 2005ರ ಆಗಸ್ಟ್ ಕೊನೆಯಲ್ಲಿ ಬಂದ 2.6.13ರಲ್ಲಿ ಕೆಕ್ಸೆಕ್, ಕೆಡಂಪ್ ಎರಡೂ ಸೇರಿದವು. ಇಂದಿಗೂ ದೊಡ್ಡ ಲಿನಕ್ಸ್ ಸರ್ವರ್ ಕುಸಿದರೆ ಕಾರಣ ಹುಡುಕುವವರ ಕೈಗೆ ಬರುವ ಕಡತ ಈ ದಾರಿಯಲ್ಲೇ ಬಂದದ್ದು.

ಇಷ್ಟು ಹೊತ್ತು ಸುರಕ್ಷಿತ ಎಂದರೆ ಯಂತ್ರ ಬೀಳದಂತೆ ಎಂದಷ್ಟೇ ಅರ್ಥಮಾಡಿಕೊಂಡು ಬಂದೆವು. ಕರ್ನಲ್‌ನ ಮೆಮೊರಿಯಲ್ಲಿ ಪಾಸ್‌ವರ್ಡ್, ಗೂಢಲಿಪಿಯ ಕೀಲಿ, ಪಕ್ಕದವರ ಪತ್ರ ಎಲ್ಲವೂ ಇರುತ್ತವೆ. ಪಿಎಸ್ ಇಣುಕುತ್ತಿದ್ದ ಕೆಮೆಮ್ ಕಿಟಕಿಯಿಂದಲೇ 2001ರ ಹೊತ್ತಿಗೆ ಕಳ್ಳರು ಕರ್ನಲ್ಲನ್ನು ತಿದ್ದುವುದನ್ನು ಕಲಿತಿದ್ದರು. ಅದರ ವಿಧಾನ ಫ್ರ್ಯಾಕ್ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಆ ಕಿಟಕಿಯನ್ನು ಲಿನಕ್ಸ್ ಪೂರ್ತಿ ಮುಚ್ಚಿದ್ದು 2021ರಲ್ಲಿ, 5.13ರಲ್ಲಿ. ಅದಕ್ಕೂ ಮೊದಲು, 2018ರ ಜನವರಿ 3ರಂದು ಬಯಲಾದ ಮೆಲ್ಟ್‌ಡೌನ್ ಇಡೀ ಲೆಕ್ಕಾಚಾರವನ್ನೇ ಕಲಕಿತ್ತು. ಸಾಮಾನ್ಯ ಪ್ರೋಗ್ರಾಂ ಕರ್ನಲ್ ವಿಳಾಸವನ್ನು ಓದಲು ಹೋದರೆ ಪ್ರೊಸೆಸರ್ ತಡೆಯುತ್ತದೆ ಎಂದೆನಲ್ಲ, ಆ ತಡೆ ತುಸು ತಡವಾಗಿ ಬರುತ್ತಿತ್ತು. ಅಷ್ಟರೊಳಗೆ ಓದಿದ ಮೌಲ್ಯದ ಗುರುತು ಪ್ರೊಸೆಸರ್‌ನ ಕ್ಯಾಶ್‌ನಲ್ಲಿ ಉಳಿಯುತ್ತಿತ್ತು. ಗ್ರಾಜ್ ವಿಶ್ವವಿದ್ಯಾಲಯದವರೂ ಸೇರಿ ಬರೆದ ಪ್ರಬಂಧದ ಪ್ರಕಾರ ಸೆಕೆಂಡಿಗೆ 503 ಕೆಬಿವರೆಗೆ ಹೀಗೆ ಕದಿಯಬಹುದಿತ್ತು. ಕರ್ನಲ್‌ನ ಪುಟಗಳನ್ನು ಪ್ರೋಗ್ರಾಂಗಳ ನಕ್ಷೆಯಿಂದಲೇ ಕಿತ್ತುಹಾಕಿ ಲಿನಕ್ಸ್ ಬಚಾವಾಯಿತು, ವೇಗದಲ್ಲಿ ದಂಡ ತೆತ್ತು.

ಕೆಪ್ರೋಬ್ಸ್ ಈಗ, ಕರ್ನಲ್‌ನ ಒಳಗೆ ಪುಟ್ಟ ಪ್ರೋಗ್ರಾಂಗಳನ್ನು ಓಡಿಸುವ ಇಬಿಪಿಎಫ್ ವ್ಯವಸ್ಥೆಯ ಕೆಳಗೆ ಮಲಗಿದೆ. 2015ರ 4.1ರಿಂದ ಇಬಿಪಿಎಫ್‌ನ ಪುಟ್ಟ ಪ್ರೋಗ್ರಾಂಗಳನ್ನು ಕೆಪ್ರೋಬ್ ಕೊಕ್ಕೆಗೆ ಸಿಕ್ಕಿಸಬಹುದು. ಒಳಗೆ ಬರುವ ಮೊದಲೇ ಕರ್ನಲ್ ಆ ಪ್ರೋಗ್ರಾಂ ಅನ್ನು ಸಾಲುಸಾಲಾಗಿ ಪರೀಕ್ಷಿಸಿ, ಮುಗಿಯದ ಸುತ್ತು, ಅಂಕೆ ಮೀರಿದ ಓದು ಇದ್ದರೆ ಹೊರಗಟ್ಟುತ್ತದೆ. ಎರಡು ದಶಕಕ್ಕೂ ಹಿಂದೆ ಡಿಪ್ರೋಬ್ಸ್ ಒಳಗೆ ತರಲು ಹೊರಟಾಗ ಬೇಡವಾಗಿದ್ದ ಪುಟ್ಟ ಭಾಷೆ, ಪುಟ್ಟ ಯಂತ್ರ ಕೊನೆಗೂ ಕರ್ನಲ್‌ನ ಒಳಗೇ ಬಂದು ಕೂತಂತಾಯಿತು. ಎಡವದೆ ಓದುವ ಫಂಕ್ಷನ್‌ಗೆ ಹಲವು ವರ್ಷ ಒಗಟಿನಂಥ ಹೆಸರಿತ್ತು. 2020ರಲ್ಲಿ ಕ್ರಿಸ್ಟಾಫ್ ಹೆಲ್ವಿಗ್ ಅದನ್ನು ಬದಲಿಸಿ, ದೋಷವಿಲ್ಲದೆ ಕರ್ನಲ್‌ನಿಂದ ನಕಲು ಮಾಡು ಎಂದು ಹೆಸರೇ ಹೇಳುವಂತೆ ಮಾಡಿದರು. ಅದೇ ವರ್ಷದ ಆರಂಭದಲ್ಲಿ ಬಂದ 5.5ರಲ್ಲಿ ಇಬಿಪಿಎಫ್ ಪ್ರೋಗ್ರಾಂಗಳು ಕೆಲವು ಬಗೆಯ ಪಾಯಿಂಟರ್‌ಗಳನ್ನು ಯಾವ ಫಂಕ್ಷನ್ನನ್ನೂ ಕರೆಯದೆ ನೇರ ಓದುವಂತಾಯಿತು. ಪಾಯಿಂಟರ್ ಕೆಟ್ಟಿದ್ದರೆ ಅದೇ ಎರಡು ಅಂಕಣದ ಕೋಷ್ಟಕ ನೆರವಿಗೆ ಬಂದು, ರಿಜಿಸ್ಟರ್‌ನಲ್ಲಿ ಸೊನ್ನೆ ಇಟ್ಟು, ಮುಂದಿನ ಸೂಚನೆಗೆ ದಾಟಿಸುತ್ತದೆ. ಯಂತ್ರ ಬೀಳುವುದಿಲ್ಲ. ಆದರೆ ಆ ಸೊನ್ನೆ ಮೆಮೊರಿಯಲ್ಲಿ ನಿಜಕ್ಕೂ ಇದ್ದದ್ದೋ, ಓದಲಾಗದೆ ಬಂದದ್ದೋ ಎಂಬುದು ಅದನ್ನು ನೋಡಿದ ಪ್ರೋಗ್ರಾಂಗೆ ತಿಳಿಯುವುದಿಲ್ಲ.